ಬ್ರೆಡ್ ಹಿಟ್ಟನ್ನು ಫ್ರೀಜರಿನಲ್ಲಿ ಇಡುವುದಾದರೆ ಉಬ್ಬುವ ಮೊದಲೇ ಇಡಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಭಾನುವಾರ ಮಕ್ಕಳಿಗೆಂದು ಮನೆಯಲ್ಲೇ ಪಾವ್, ಬನ್, ಒಮ್ಮೊಮ್ಮೆ ಬ್ರೆಡ್ ಮಾಡುತ್ತೇನೆ. ನಾದುವ ಕೆಲಸ ಒಂದೇ ಸಲಕ್ಕೆ ಮುಗಿಯಲಿ ಎಂದು ಈ ಬಾರಿ ಒಂದು ಕಿಲೋ ಮೈದಾ ಕಲಸಿದೆ. ಚೆನ್ನಾಗಿ ಉಬ್ಬಿದ ಮೇಲೆ ಅರ್ಧ ಹಿಟ್ಟನ್ನು ಸ್ಟೀಲ್ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿ ಇಟ್ಟೆ. ಮೂರು ವಾರಗಳ ನಂತರ ತೆಗೆದರೆ ಹಿಟ್ಟು ನೀರು ಬಿಟ್ಟುಕೊಂಡು ಜೋಲಾಗಿತ್ತು, ಹೆಂಡದಂಥ ಹುಳಿ ವಾಸನೆ ಬೇರೆ. ಎಷ್ಟು ಹೊತ್ತು ಕಾದರೂ ಉಬ್ಬಲಿಲ್ಲ, ಬೇಯಿಸಿದರೆ ಕಲ್ಲಿನಂತಾಯಿತು. ಅಮೆರಿಕದಲ್ಲಿರುವ ನಮ್ಮ ಅಕ್ಕ ಅಂಗಡಿಯಿಂದ ತಂದ ಫ್ರೋಜನ್ ಹಿಟ್ಟನ್ನು ತಿಂಗಳುಗಟ್ಟಲೆ ಇಟ್ಟು ಬೇಯಿಸುತ್ತಾರೆ. ಮನೆಯ ಹಿಟ್ಟಿಗೆ ಅದು ಆಗುವುದಿಲ್ಲವೇ? ಯಾವ ಹಂತದಲ್ಲಿ ಇಡಬೇಕು, ಎಷ್ಟು ದಿನ ಇಡಬಹುದು? ಗೋಧಿ ಹಿಟ್ಟಿಗೂ ಇದೇ ಕ್ರಮವೇ?

ಉತ್ತರ: ಆಗುತ್ತದೆ. ನೀವು ಹಿಟ್ಟನ್ನು ಫ್ರೀಜರಿಗೆ ಸೇರಿಸಿದ ಹೊತ್ತು ತಪ್ಪಿತು, ಡಬ್ಬಿಯೂ ತಪ್ಪಿತು. ಮೊದಲನೆಯ ತಪ್ಪನ್ನು ನಮ್ಮಲ್ಲಿ ಬಹಳ ಮಂದಿ ಮಾಡುತ್ತಾರೆ, ಅದಕ್ಕೆ ಕಾರಣ ಇಡ್ಲಿ ದೋಸೆಯ ಅಭ್ಯಾಸ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಹುದುಗು ಬಂದ ಮೇಲೆ, ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸುತ್ತೇವೆ. ಹುದುಗಿದ ಮೇಲೆ ತಣ್ಣಗಿಡಬೇಕು ಎಂಬುದು ಕೈಗೆ ರೂಢಿಯಾಗಿಬಿಟ್ಟಿದೆ. ಆದರೆ ಇಡ್ಲಿ ಹಿಟ್ಟಿಗೆ ಮತ್ತೊಮ್ಮೆ ಉಬ್ಬುವ ಕೆಲಸವಿಲ್ಲ. ಹುಳಿಯೂ ಅನಿಲವೂ ಆಗಲೇ ಅದರೊಳಗಿರುತ್ತವೆ, ನೇರವಾಗಿ ತಟ್ಟೆಗೆ ಹೊಯ್ದು ಹಬೆಗೆ ಇಟ್ಟರೆ ಮುಗಿಯಿತು. ಬ್ರೆಡ್ ಹಿಟ್ಟು ಫ್ರೀಜರಿನಿಂದ ಹೊರಬಂದ ಮೇಲೆ ತನ್ನ ಬಲದಿಂದಲೇ ಮತ್ತೆ ಉಬ್ಬಬೇಕು. ಅದಕ್ಕೆ ಒಳಗಿನ ಯೀಸ್ಟ್ ಬದುಕಿರಬೇಕು, ಅನಿಲವನ್ನು ಹಿಡಿದಿಡುವ ಗ್ಲುಟೆನ್ ಗಟ್ಟಿಯಾಗಿರಬೇಕು. ನಿಮ್ಮ ಹಿಟ್ಟಿನಲ್ಲಿ ಎರಡೂ ಕೈಕೊಟ್ಟವು.

ಯೀಸ್ಟಿನ ಮಟ್ಟಿಗೆ ನಡೆದದ್ದು ಇದು. ಪ್ಯಾಕೆಟ್ಟಿನ ಒಣ ಯೀಸ್ಟಿನಲ್ಲಿ ನೀರಿನ ಅಂಶ ಶೇ. 5ರ ಆಸುಪಾಸು ಇರುತ್ತದೆ. ಮಂಜುಗಡ್ಡೆಯಾಗುವಷ್ಟು ನೀರೇ ಅಲ್ಲಿಲ್ಲ, ಆದ್ದರಿಂದ ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಅದಕ್ಕೆ ಏನೂ ಆಗುವುದಿಲ್ಲ. ಅದೇ ಯೀಸ್ಟ್ ನೀರು ಹೀರಿ, ಸಕ್ಕರೆ ತಿಂದು, ಅನಿಲ ಬಿಡಲು ಶುರು ಮಾಡಿತೆಂದರೆ ಕಥೆಯೇ ಬೇರೆ. ಚುರುಕಾಗಿ ಕೆಲಸ ಮಾಡುತ್ತಿರುವ ಯೀಸ್ಟ್ ಕೋಶದ ಹೊರಪೊರೆ ಚಳಿಗೆ ಬಹಳ ಸೂಕ್ಷ್ಮ, ಹಿಟ್ಟಿನಲ್ಲಿ ಆಗಲೇ ಸೇರಿರುವ ಮದ್ಯಸಾರ ಅದನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಹಿಟ್ಟು ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತವೆ, ಪೊರೆ ಒಡೆದು ಸಾಕಷ್ಟು ಕೋಶಗಳು ಸಾಯುತ್ತವೆ. ಸತ್ತ ಕೋಶ ಸುಮ್ಮನೆ ಬಿದ್ದಿರುವುದೂ ಇಲ್ಲ. ಅದರಿಂದ ಗ್ಲುಟಾಥಯೋನ್ ಎಂಬ ವಸ್ತು ಸೋರುತ್ತದೆ, ಗ್ಲುಟೆನ್ ಎಳೆಗಳನ್ನು ಒಂದಕ್ಕೊಂದು ಕಟ್ಟಿರುವ ಬಂಧಗಳನ್ನು ಅದು ಬಿಡಿಸುತ್ತದೆ. ಹಿಟ್ಟು ಜೋಲಾಗಿ ನೀರು ಬಿಟ್ಟುಕೊಂಡದ್ದು ಇದರಿಂದ. ಮಂಜಾಗಲು ಗ್ಲುಟೆನ್‌ನಿಂದ ಹೊರಬಂದ ನೀರು ಕರಗಿದ ಮೇಲೆ ಪೂರ್ತಿಯಾಗಿ ಹಿಂದಿರುಗದಿರುವುದೂ ಇದಕ್ಕೆ ಸೇರಿಕೊಳ್ಳುತ್ತದೆ.

ಇನ್ನು ಡಬ್ಬಿ. ಮುಕ್ಕಾಲು ಕಿಲೋಗಿಂತ ಹೆಚ್ಚು ತೂಗುವ ಬೆಚ್ಚಗಿನ ಹಿಟ್ಟಿನ ಮುದ್ದೆಯನ್ನು ಫ್ರೀಜರಿನಲ್ಲಿ ಇಟ್ಟಾಗ ಹೊರಭಾಗ ಬೇಗ ಗಟ್ಟಿಯಾಗುತ್ತದೆ, ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಉಪ್ಪು, ಸಕ್ಕರೆ ಕರಗಿರುವುದರಿಂದ ಹಿಟ್ಟು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದೂ ಇಲ್ಲ, ಇನ್ನೂ ಕೆಳಗಿಳಿಯಬೇಕು. ಅಷ್ಟೂ ಹೊತ್ತು ಒಳಗೆ ಹುದುಗು ನಡೆಯುತ್ತಲೇ ಇತ್ತು. ಹೆಂಡದ ವಾಸನೆಯ ಮೂಲ ಅದು. ತೆಗೆದಾಗ ಇದೇ ತೊಂದರೆ ತಿರುವುಮುರುವಾಗಿ ಬಂದಿರುತ್ತದೆ: ನಡುಭಾಗ ಕರಗುವಷ್ಟರಲ್ಲಿ ಹೊರಭಾಗ ಹುಳಿಯಾಗಿರುತ್ತದೆ.

ನಿಮ್ಮ ಅಕ್ಕ ತರುವ ಹಿಟ್ಟಿನ ಜೊತೆ ನಮ್ಮ ಮನೆಯ ಹಿಟ್ಟನ್ನು ಹೋಲಿಸಬೇಡಿ. ಕಾರ್ಖಾನೆಯಲ್ಲಿ ಪ್ರೋಟೀನ್ ಹೆಚ್ಚಿರುವ ಬ್ರೆಡ್ ಹಿಟ್ಟು, ಚಳಿ ತಾಳುವ ಯೀಸ್ಟ್, ಗ್ಲುಟೆನ್ ಬಿಗಿಮಾಡಲು ವಿಟಮಿನ್ ಸಿ ಮತ್ತು ಬೇರೆ ಬೇರೆ ಪೂರಕಗಳು ಇರುತ್ತವೆ. ಮೈನಸ್ 30, 40 ಡಿಗ್ರಿಯ ಗಾಳಿಯನ್ನು ರಭಸದಿಂದ ಹಾಯಿಸಿ ಹಿಟ್ಟನ್ನು ಗಟ್ಟಿಮಾಡುತ್ತಾರೆ, ಅಂಗಡಿ ಸೇರುವವರೆಗೂ ಆ ಚಳಿ ತಪ್ಪದಂತೆ ನೋಡಿಕೊಳ್ಳುತ್ತಾರೆ. ನಮ್ಮದು ಹೆಚ್ಚೆಂದರೆ ಮೈನಸ್ 18ರ ಫ್ರೀಜರ್, ಅದರ ಬಾಗಿಲನ್ನು ಐಸ್‌ಕ್ರೀಮಿಗೆಂದು ದಿನಕ್ಕೆ ಹತ್ತು ಸಲ ತೆರೆಯುವ ಮಕ್ಕಳು. ಹೀಗಾಗಿ ಮೂರು ತಿಂಗಳ ಆಸೆ ಬೇಡ. ಬೆಣ್ಣೆ, ಹಾಲು, ಸಕ್ಕರೆ ಇರುವ ಬನ್ ಮತ್ತು ಪಾವ್ ಹಿಟ್ಟು ಮೂರರಿಂದ ನಾಲ್ಕು ವಾರ ಚೆನ್ನಾಗಿರುತ್ತದೆ. ಬರೀ ನೀರು, ಉಪ್ಪು, ಯೀಸ್ಟ್ ಹಾಕಿದ ಹಿಟ್ಟಾದರೆ ಎರಡು ವಾರ. ಕೊಬ್ಬು ಮತ್ತು ಸಕ್ಕರೆ ಹಿಟ್ಟಿಗೆ ಚಳಿಯಿಂದ ಒಂದಿಷ್ಟು ರಕ್ಷಣೆ ಕೊಡುತ್ತವೆ, ಸಾದಾ ಹಿಟ್ಟಿಗೆ ಆ ಅನುಕೂಲ ಇಲ್ಲ.

ಈಗ ಮಾಡುವ ಕ್ರಮ. ಅವತ್ತೇ ಬೇಯಿಸುವ ಹಿಟ್ಟನ್ನೂ ಫ್ರೀಜರಿಗೆ ಹೋಗುವ ಹಿಟ್ಟನ್ನೂ ಒಟ್ಟಿಗೆ ಕಲಸಬೇಡಿ, ಎರಡರ ಅಳತೆ ಬೇರೆ. 500 ಗ್ರಾಂ ಮೈದಾದ ಬನ್‌ಗೆ ಮಾಮೂಲಿ ದಿನ 300 ಗ್ರಾಂ ಹಾಲು ಅಥವಾ ನೀರು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಹಾಕುತ್ತೀರಿ ಎಂದುಕೊಳ್ಳೋಣ. ಫ್ರೀಜರಿಗಾದರೆ ದ್ರವವನ್ನು 285 ಗ್ರಾಮಿಗೆ ಇಳಿಸಿ, ಯೀಸ್ಟನ್ನು 8 ಗ್ರಾಮಿಗೆ ಏರಿಸಿ. ನೀರು ಕಡಿಮೆಯಾದಷ್ಟೂ ಮಂಜಿನ ಹರಳು ಕಡಿಮೆ. ಹೆಚ್ಚಿನ ಯೀಸ್ಟ್ ಸಾಯುವವುಗಳ ಲೆಕ್ಕಕ್ಕೆ. ಸಕ್ಕರೆ 40 ಗ್ರಾಂ, ಬೆಣ್ಣೆ 40 ಗ್ರಾಂ, ಉಪ್ಪು 9 ಗ್ರಾಂ ಇರಲಿ. ಹಾಲನ್ನು ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಕೊಳ್ಳಿ. ಮೈದಾ ಪ್ಯಾಕೆಟ್ಟಿನ ಹಿಂದೆ 100 ಗ್ರಾಮಿಗೆ ಪ್ರೋಟೀನ್ ಎಷ್ಟು ಎಂದು ಬರೆದಿರುತ್ತಾರೆ. 11 ಗ್ರಾಮಿಗಿಂತ ಕಡಿಮೆ ಇದ್ದರೆ ಬೇಕರಿ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಗ್ಲುಟೆನ್ ಪುಡಿಯನ್ನು 10 ಗ್ರಾಂ ಬೆರೆಸಿ. ಅವತ್ತೇ ತಿನ್ನುವ ಬನ್‌ಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ, ಫ್ರೀಜರಿನ ಹಿಟ್ಟಿಗೆ ಮಾತ್ರ ಇದು ಹಣಕ್ಕೆ ಮೋಸವಿಲ್ಲದ ವಸ್ತು.

ಯೀಸ್ಟ್ ಇನ್‌ಸ್ಟಂಟ್ ಆಗಿರಲಿ. ಸಾಸಿವೆಯಂತೆ ದುಂಡಗೆ ಕಾಣುವ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಾಕುವ ಆಕ್ಟಿವ್ ಡ್ರೈ ಯೀಸ್ಟಿನಲ್ಲಿ ಒಣಗಿಸುವಾಗಲೇ ಸತ್ತ ಕೋಶಗಳು ಹೆಚ್ಚು. ಹಿಟ್ಟನ್ನು ಜೋಲು ಮಾಡುವ ಆ ಗ್ಲುಟಾಥಯೋನ್ ಮೊದಲೇ ಅದರ ಜೊತೆ ಬಂದಿರುತ್ತದೆ. ನೆನೆಸುವುದೆಂದರೆ ಯೀಸ್ಟನ್ನು ಎಬ್ಬಿಸುವುದು, ನಮಗೆ ಈಗ ಬೇಕಾಗಿರುವುದು ಅದು ಮಲಗಿರುವುದು.

ಅದಕ್ಕೇ ಎಲ್ಲವೂ ತಣ್ಣಗಿರಬೇಕು. ನಾದಿ ಮುಗಿಸಿದಾಗ ಹಿಟ್ಟು 20ರಿಂದ 22 ಡಿಗ್ರಿಯಲ್ಲಿರುವುದು ಉತ್ತಮ, ಮುಟ್ಟಿದರೆ ಕೈಗೆ ತಂಪಾಗಿ ಹತ್ತಬೇಕು. ಹುಬ್ಬಳ್ಳಿಯ ಡಿಸೆಂಬರಿನಲ್ಲಿ ಫ್ರಿಜ್ಜಿನ ಹಾಲು ಸಾಕು. ಏಪ್ರಿಲಿನಲ್ಲಿ, ಅದರಲ್ಲೂ ರಾಯಚೂರು ಕಲಬುರಗಿಯಂಥ ಕಡೆ, ಮೈದಾವನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಇಟ್ಟುಬಿಡಿ. ಐಸ್ ನೀರನ್ನು ನೇರವಾಗಿ ಒಣ ಯೀಸ್ಟಿನ ಮೇಲೆ ಸುರಿಯಬೇಡಿ, ಆ ಆಘಾತವೂ ಅದಕ್ಕೆ ಒಗ್ಗುವುದಿಲ್ಲ. ಯೀಸ್ಟನ್ನು ಮೈದಾದಲ್ಲಿ ಚೆನ್ನಾಗಿ ಬೆರೆಸಿ, ಆಮೇಲೆ ತಣ್ಣನೆಯ ಹಾಲು ಸೇರಿಸಿ. ಬೆಣ್ಣೆ ಕೊನೆಗೆ.

ನಾದುವುದರಲ್ಲಿ ಜಿಪುಣತನ ಬೇಡ. ಮಾಮೂಲಿ ಬ್ರೆಡ್ಡಿನಲ್ಲಿ ಮೊದಲ ಸಲ ಉಬ್ಬುವಾಗ ಗ್ಲುಟೆನ್ ತಾನಾಗಿಯೂ ಒಂದಿಷ್ಟು ಬಲಿಯುತ್ತದೆ. ಇಲ್ಲಿ ಆ ಅವಕಾಶ ಕೊಡುವುದಿಲ್ಲವಾದ್ದರಿಂದ ಅಷ್ಟೂ ಕೆಲಸ ನಿಮ್ಮ ಕೈಯದೇ. ನಿಂಬೆ ಗಾತ್ರದ ಹಿಟ್ಟನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಗ್ಗಿಸಿದರೆ ಹರಿಯದೆ, ಬೆಳಕು ಕಾಣುವಷ್ಟು ತೆಳುವಾಗಬೇಕು. ಆಮೇಲೆ ಮುಚ್ಚಿ ಹತ್ತು ಹದಿನೈದು ನಿಮಿಷ ಬಿಡಿ, ಹೆಚ್ಚು ಬೇಡ. ಸುಮಾರು 60 ಗ್ರಾಂ ತೂಕದ ಹದಿನಾಲ್ಕು ಉಂಡೆಗಳಾಗುತ್ತವೆ. ಬನ್ ಹೇಗೆ ಕಾಣಬೇಕೋ ಆ ಆಕಾರವನ್ನು ಈಗಲೇ ಪೂರ್ತಿಯಾಗಿ ಕೊಟ್ಟು, ಅಂಗೈಯಿಂದ ತುಸು ಒತ್ತಿ ಚಪ್ಪಟೆ ಮಾಡಿ. ಚಪ್ಪಟೆಯಾದದ್ದು ಬೇಗ ಗಟ್ಟಿಯಾಗುತ್ತದೆ. ಕರಗಿದ ಮೇಲೆ ಮತ್ತೆ ನಾದುವ, ಉಂಡೆ ಕಟ್ಟುವ ಕೆಲಸ ಇಟ್ಟುಕೊಳ್ಳಬೇಡಿ, ಅಷ್ಟು ಹೊತ್ತಿಗೆ ಹಿಟ್ಟಿನಲ್ಲಿ ಅದನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಅಲ್ಯುಮಿನಿಯಂ ಟ್ರೇಯೊಂದನ್ನು ಮೊದಲೇ ಫ್ರೀಜರಿನಲ್ಲಿ ಇಟ್ಟು ತಣ್ಣಗೆ ಮಾಡಿಕೊಂಡರೆ ಒಳ್ಳೆಯದು. ಅದರ ಮೇಲೆ ಬಟರ್ ಪೇಪರ್ ಹಾಸಿ, ಉಂಡೆಗಳು ಒಂದಕ್ಕೊಂದು ತಾಗದಂತೆ ಜೋಡಿಸಿ, ಮೇಲೆ ಕ್ಲಿಂಗ್ ಫಿಲ್ಮ್ ಹೊದಿಸಿ. ಒಂದೂವರೆ ಎರಡು ಗಂಟೆಯಲ್ಲಿ ಗಟ್ಟಿಯಾಗುತ್ತವೆ. ತಕ್ಷಣ ಜಿಪ್ ಲಾಕ್ ಚೀಲಕ್ಕೆ ಹಾಕಿ, ಗಾಳಿಯನ್ನೆಲ್ಲ ಒತ್ತಿ ತೆಗೆದು, ತಾರೀಖು ಬರೆದು ಫ್ರೀಜರಿನ ತಳದಲ್ಲಿ, ಹಿಂಭಾಗದಲ್ಲಿ ಇಡಿ. ಬಾಗಿಲಿನ ಕಪಾಟಿನಲ್ಲಿ ಬೇಡ. ತಾರೀಖು ಬರೆಯದ ಚೀಲ ಯಾವ ಮನೆಯಲ್ಲೂ ಸರಿಯಾದ ಹೊತ್ತಿಗೆ ಹೊರಬಂದದ್ದನ್ನು ನಾನು ಕಂಡಿಲ್ಲ.

ಫ್ರೀಜರಿನ ಬಗ್ಗೆಯೂ ಒಂದು ಮಾತು. ಒಂದೇ ಬಾಗಿಲಿನ ಹಳೆಯ ಫ್ರಿಜ್ಜುಗಳಲ್ಲಿ ಮೇಲಿರುವ ಚಿಕ್ಕ ಐಸ್ ಪೆಟ್ಟಿಗೆ ಮೈನಸ್ 18 ಮುಟ್ಟುವುದು ಅಪರೂಪ. ಅದರಲ್ಲಿ ಐಸ್‌ಕ್ರೀಮ್ ಚಮಚಕ್ಕೆ ಮೆತ್ತಗೆ ಸಿಗುತ್ತಿದ್ದರೆ ಹಿಟ್ಟನ್ನು ಒಂದು ವಾರಕ್ಕಿಂತ ಹೆಚ್ಚು ಇಡಬೇಡಿ. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ಜು ಹೆಚ್ಚು ತಣ್ಣಗಿರುತ್ತದೆ, ಆದರೆ ಕಟ್ಟಿದ ಮಂಜನ್ನು ಕರಗಿಸಲು ಆಗಾಗ ತಾನೇ ಒಳಗೆ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳುತ್ತದೆ. ಹೀಗೆ ಏರಿಳಿದಾಗ ಸಣ್ಣ ಹರಳುಗಳು ಕರಗಿ ದೊಡ್ಡ ಹರಳುಗಳಾಗಿ ಮತ್ತೆ ಕಟ್ಟಿಕೊಳ್ಳುತ್ತವೆ, ಹಿಟ್ಟನ್ನು ಹಾಳುಮಾಡುವುದು ಆ ದೊಡ್ಡವು. ಹಿಂಭಾಗದಲ್ಲಿ ಇಡಿ ಎಂದದ್ದು ಅದಕ್ಕೆ. ಲೋಡ್ ಶೆಡ್ಡಿಂಗ್ ಇರುವ ಊರಾದರೆ ಒಂದು ಬಟ್ಟಲು ನೀರನ್ನು ಗಟ್ಟಿಮಾಡಿ, ಅದರ ಮೇಲೊಂದು ನಾಣ್ಯ ಇಟ್ಟಿರಿ. ಊರಿಗೆ ಹೋಗಿ ಬಂದಾಗ ನಾಣ್ಯ ಮಂಜಿನೊಳಗೆ ಇಳಿದಿದ್ದರೆ ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಆ ಹಿಟ್ಟಿನ ಆಸೆ ಬಿಡಿ. ನೀವು ಮನೆಯಲ್ಲಿರುವಾಗಲೇ ಕರೆಂಟು ಹೋಗಿ ಹಿಟ್ಟು ಮೆತ್ತಗಾಯಿತೆಂದರೆ ಅವತ್ತೇ ಬೇಯಿಸಿ, ಎರಡನೆಯ ಸಲ ಗಟ್ಟಿಮಾಡುವುದು ಬೇಡ.

ಭಾನುವಾರ ಬೆಳಗ್ಗೆ ಬನ್ ಬೇಕೆಂದರೆ ಶನಿವಾರ ರಾತ್ರಿ ಉಂಡೆಗಳನ್ನು ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ ಇಳಿಸಿ. ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು ಮುಚ್ಚಿ, ಎಂಟರಿಂದ ಹನ್ನೆರಡು ಗಂಟೆ. ಬೆಳಗ್ಗೆ ತಣ್ಣಗಿರುವಾಗಲೇ ಬೇಯಿಸುವ ಟ್ರೇಗೆ ಜೋಡಿಸಿ, ಪಾವ್ ಆದರೆ ಹತ್ತಿರ ಹತ್ತಿರ, ಬನ್ ಆದರೆ ದೂರ ದೂರ. ಅಲ್ಲಿಂದ ಅಡುಗೆಮನೆಯ ಶಾಖದಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ ಹಿಡಿಯಬಹುದು. ಗಡಿಯಾರಕ್ಕಿಂತ ಹಿಟ್ಟನ್ನು ನೋಡಿ: ಒಣ ಮೈದಾ ಹಚ್ಚಿದ ಬೆರಳಿನಿಂದ ಒತ್ತಿದಾಗ ಗುಳಿ ನಿಧಾನಕ್ಕೆ, ಅರೆಬರೆ ತುಂಬಿಕೊಂಡರೆ ಒಲೆಗೆ ಸಿದ್ಧ. ಪುಟಿದು ಬಂದರೆ ಇನ್ನೂ ಕಾಯಬೇಕು. ಹಾಲು ಸವರಿ, ಮೊದಲೇ ಕಾಯಿಸಿದ ಓಟಿಜಿಯಲ್ಲಿ 190ರಿಂದ 200 ಡಿಗ್ರಿಗೆ 15ರಿಂದ 18 ನಿಮಿಷ. ಬನ್ ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದರೆ ಗಾಬರಿಯಾಗಬೇಡಿ, ತಣ್ಣಗಿದ್ದ ಹಿಟ್ಟಿಗೆ ಅದು ಸಹಜ.

ರಾತ್ರಿ ಇಳಿಸಲು ಮರೆತರೆ ಬೆಳಗ್ಗೆ ಫ್ರೀಜರಿನಿಂದ ನೇರವಾಗಿ ಹೊರಗಿಟ್ಟು ಮುಚ್ಚಬಹುದು. ಚಪ್ಪಟೆಯಾದ ಸಣ್ಣ ಬನ್‌ಗೆ ಮೂರು ನಾಲ್ಕು ಗಂಟೆಯಲ್ಲಿ ಕೆಲಸವಾಗುತ್ತದೆ, ದೊಡ್ಡ ಬ್ರೆಡ್ಡಿಗೆ ಆಗುವುದಿಲ್ಲ. ಮೈಕ್ರೋವೇವಿನಲ್ಲಿ ಕರಗಿಸಲು ಹೋಗಬೇಡಿ. ಅದು ಒಂದು ಕಡೆ ಹಿಟ್ಟನ್ನು ಬೇಯಿಸಿ, ಇನ್ನೊಂದು ಕಡೆ ಮಂಜಾಗಿಯೇ ಬಿಡುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ಅಭಿಪ್ರಾಯವನ್ನೂ ಹೇಳಬೇಕು. ಬನ್ ಮತ್ತು ಪಾವ್‌ಗೆ ಈ ಶ್ರಮ ತಕ್ಕುದು, ಬಿಸಿಬಿಸಿಯಾಗಿ ಒಲೆಯಿಂದ ಇಳಿದ ಪಾವಿಗೆ ಸಾಟಿ ಇಲ್ಲ. ಅಚ್ಚಿನಲ್ಲಿ ಮಾಡುವ ದೊಡ್ಡ ಬ್ರೆಡ್ಡಿನ ಹಿಟ್ಟನ್ನು ಮಾತ್ರ ನಾನು ಮನೆಯ ಫ್ರೀಜರಿಗೆ ಹಾಕುವುದಿಲ್ಲ. ಬ್ರೆಡ್ಡನ್ನು ಬೇಯಿಸಿ, ಪೂರ್ತಿ ಆರಿಸಿ, ಹೋಳು ಮಾಡಿ ಫ್ರೀಜರಿನಲ್ಲಿಡಿ. ಬೆಳಗ್ಗೆ ಬೇಕಾದಷ್ಟು ಹೋಳುಗಳನ್ನು ಗಟ್ಟಿಯಾಗಿದ್ದಂತೆಯೇ ಟೋಸ್ಟರಿಗೋ ಕಾವಲಿಗೋ ಹಾಕಿದರೆ ಅವತ್ತು ಮಾಡಿದ ಬ್ರೆಡ್ಡಿಗೂ ಅದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಬೆಂದ ಬ್ರೆಡ್ಡಿನಲ್ಲಿ ಕಾಪಾಡಬೇಕಾದ ಯೀಸ್ಟೇ ಇಲ್ಲ. ಬ್ರೆಡ್ ಹಳಸಲಾಗಿ ಬಿರುಸಾಗುವುದು ಅದರ ಪಿಷ್ಟ ಮತ್ತೆ ಗಟ್ಟಿಯಾಗಿ ಜೋಡಿಸಿಕೊಳ್ಳುವುದರಿಂದ. ಆ ಕ್ರಿಯೆ ಅತಿ ಜೋರಾಗಿ ನಡೆಯುವುದು ಫ್ರಿಜ್ಜಿನ ನಾಲ್ಕೈದು ಡಿಗ್ರಿಯಲ್ಲಿ, ಫ್ರೀಜರಿನ ಚಳಿಯಲ್ಲಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡುವ ನಮ್ಮ ಮನೆಗಳ ರೂಢಿ ಅದನ್ನು ಬೇಗ ಒಣಗಿಸುತ್ತದೆ. ಮಳೆಗಾಲದ ಮಂಗಳೂರು ಉಡುಪಿಯಲ್ಲಿ ಹೊರಗಿಟ್ಟರೆ ಬೂಷ್ಟು ಬರುತ್ತದೆ ಎನ್ನುವುದು ನಿಜ. ಅಲ್ಲಂತೂ ಫ್ರೀಜರೇ ಸರಿಯಾದ ಜಾಗ.

ಪಾವಿಗೂ ನಡುವಿನ ದಾರಿಯೊಂದಿದೆ. ಮಾಮೂಲಿಯಂತೆ ಉಬ್ಬಿಸಿ, ಸ್ವಲ್ಪ ಕಡಿಮೆ ಉರಿಯಲ್ಲಿ, ಮುಕ್ಕಾಲು ಪಾಲು ಹೊತ್ತು ಬೇಯಿಸಿ. ಆಕಾರ ನಿಂತಿರಬೇಕು, ಬಣ್ಣ ಬಂದಿರಬಾರದು. ಆರಿಸಿ ಫ್ರೀಜರಿನಲ್ಲಿಟ್ಟರೆ, ಸಂಜೆ ಭಾಜಿ ಕುದಿಯುವ ಹೊತ್ತಿಗೆ 200 ಡಿಗ್ರಿಯಲ್ಲಿ ಹತ್ತು ನಿಮಿಷ ಕೊಟ್ಟರೆ ಸಾಕು. ಕೆಲಸಕ್ಕೆ ಹೋಗುವವರಿಗೆ ಇದೇ ಅನುಕೂಲ.

ಬೇಕಾಗಿರುವುದು ಎರಡು ಮೂರು ದಿನದ ಮುಂದೂಡಿಕೆ ಮಾತ್ರವಾದರೆ ಫ್ರೀಜರೇ ಬೇಡ. ಕೆಳಗಿನ ಫ್ರಿಜ್ಜಿನಲ್ಲಿ ಹಿಟ್ಟು ನಿಧಾನವಾಗಿ ಹುದುಗುತ್ತಾ ರುಚಿಯೂ ಹೆಚ್ಚುತ್ತದೆ. ಅಲ್ಲಿ ಲೆಕ್ಕ ಉಲ್ಟಾ ಎನ್ನುವುದು ನೆನಪಿರಲಿ: ಯೀಸ್ಟನ್ನು ಮಾಮೂಲಿಗಿಂತ ಅರ್ಧಕ್ಕೆ ಇಳಿಸಬೇಕು, ಡಬ್ಬಿಯಲ್ಲಿ ಉಬ್ಬಲು ಜಾಗ ಬಿಡಬೇಕು.

ಗೋಧಿ ಹಿಟ್ಟಿನ ಬಗ್ಗೆ ಕೇಳಿದ್ದೀರಿ. ಗಿರಣಿಯ ಹಿಟ್ಟಿನಲ್ಲಿರುವ ತೌಡು ಗ್ಲುಟೆನ್ ಎಳೆಗಳನ್ನು ಮೊದಲೇ ತುಂಡರಿಸುತ್ತಿರುತ್ತದೆ, ಕಲ್ಲಿನಲ್ಲಿ ಬೀಸುವಾಗ ಪಿಷ್ಟಕ್ಕೂ ಪೆಟ್ಟು ಬಿದ್ದು ಅದು ಹೆಚ್ಚು ನೀರು ಕುಡಿಯುತ್ತದೆ. ಚಪಾತಿ ಮೃದುವಾಗುವುದು ಅದರಿಂದಲೇ, ಫ್ರೀಜರಿನಲ್ಲಿ ಪಾವ್ ಕೆಡುವುದಕ್ಕೂ ಅದೇ ಕಾರಣ. ಅರ್ಧ ಮೈದಾ ಬೆರೆಸಿ, ಗ್ಲುಟೆನ್ ಪುಡಿ ಸೇರಿಸಿ, ಹತ್ತು ದಿನದೊಳಗೆ ಮುಗಿಸಿ. ಪೂರ್ತಿ ಗೋಧಿಯದೇ ಬೇಕೆಂದರೆ ಬೇಯಿಸಿ ಹೋಳು ಮಾಡಿ ಇಡುವುದೇ ಲೇಸು. ರಾಗಿ ಬೆರೆಸಿದ ಬ್ರೆಡ್ಡಿಗೂ ಇದೇ ಮಾತು, ರಾಗಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ.

ಅಯ್ಯಂಗಾರ್ ಬೇಕರಿಯ ರುಚಿಯ ಖಾರಾ ಬನ್ ಮಾಡುವವರು ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪನ್ನು ಹಸಿಯಾಗಿ ಹಾಕಿ ಫ್ರೀಜರಿಗೆ ಕಳಿಸಬೇಡಿ. ಈರುಳ್ಳಿ ಕರಗುವಾಗ ನೀರು ಬಿಟ್ಟು ಹಿಟ್ಟನ್ನು ಅಂಟಂಟು ಮಾಡುತ್ತದೆ. ಒಗ್ಗರಣೆಯಲ್ಲಿ ನೀರಾರುವವರೆಗೆ ಬಾಡಿಸಿ, ಪೂರ್ತಿ ತಣಿಸಿ ಸೇರಿಸಿ. ಮಂಗಳೂರು ಬನ್ಸಿಗೆ ಈ ಯಾವ ಕಟ್ಟಳೆಯೂ ಇಲ್ಲ, ಅದು ಬಾಳೆಹಣ್ಣು, ಮೊಸರು, ಸೋಡಾದಿಂದ ಉಬ್ಬುವ ಪೂರಿಯ ಬಳಗ.

ತೆಗೆದ ಹಿಟ್ಟಿಗೆ ಬರೀ ಹುಳಿ ಅಥವಾ ಹೆಂಡದ ವಾಸನೆ ಇದ್ದರೆ ಅದು ಯೀಸ್ಟಿನ ಕೆಲಸ, ಚೆನ್ನಾಗಿ ಬೇಯಿಸಿ ತಿಂದರೆ ತೊಂದರೆ ಇಲ್ಲ. ಗುಲಾಬಿ, ಕಪ್ಪು, ಕಿತ್ತಳೆ ಬಣ್ಣದ ಚುಕ್ಕೆ ಕಂಡರೆ ಅಥವಾ ಮೊಟ್ಟೆ ಹಾಕಿದ ಹಿಟ್ಟು ದಿನವಿಡೀ ಹೊರಗೆ ಉಳಿದಿದ್ದರೆ ಎಸೆಯಿರಿ. ಹಸಿ ಹಿಟ್ಟನ್ನು ಮಕ್ಕಳು ಚಿವುಟಿ ತಿನ್ನದಂತೆಯೂ ನೋಡಿಕೊಳ್ಳಿ, ಹಸಿ ಮೈದಾದಲ್ಲಿ ಇರಬಹುದಾದ ರೋಗಾಣುಗಳು ಫ್ರೀಜರಿನಲ್ಲಿ ಸಾಯುವುದಿಲ್ಲ.

ಮುಂದೆ ಎಂದಾದರೂ ಉಬ್ಬದ ಹಿಟ್ಟು ಕೈಗೆ ಬಂದರೆ ಅಚ್ಚಿಗೆ ಹಾಕಿ ಹಟ ಹಿಡಿಯಬೇಡಿ. ತೆಳ್ಳಗೆ ಲಟ್ಟಿಸಿ ಕೊತ್ತಂಬರಿ ಉದುರಿಸಿ ಕಾವಲಿಯ ಮೇಲೆ ಕುಲ್ಚಾ ಮಾಡಿ, ಇಲ್ಲವೇ ಪಿಜ್ಜಾಕ್ಕೆ ತಟ್ಟಿ. ಹೊಸದಾಗಿ 500 ಗ್ರಾಂ ಮೈದಾ ಕಲಸುವಾಗ ಅದರಿಂದ 100 ಗ್ರಾಂ ಚೂರು ಮಾಡಿ ಸೇರಿಸಿದರೆ ಬ್ರೆಡ್ಡಿಗೆ ಒಳ್ಳೆಯ ಪರಿಮಳ ಬರುತ್ತದೆ. ಹೊಸ ಹಿಟ್ಟಿನ ಯೀಸ್ಟನ್ನು ಮಾತ್ರ ಕಡಿಮೆ ಮಾಡಬೇಡಿ.